ಮಹಡಿ ಮೋಟಾರ್ ಸರ್ವಿಸ್: ಕಿಟಕಿಯಿಂದ ಮಂಚದವರೆಗೆ

ಜೂನ್ 3

ಸೋದರಮಾವನಿಗೆ ನಮಸ್ಕಾರಗಳು.

ಫೋನಿನಲ್ಲಿ ನೀವು ಆಡುವುದು ಎರಡೇ ಮಾತು. ಒಂದು "ಊಟ ಆಯ್ತಾ?", ಇನ್ನೊಂದು "ತಡಿ, ಅತ್ತೆಗೆ ಕೊಡ್ತೀನಿ". ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದರಲ್ಲಿ ನೀವು ತಪ್ಪಿಸಿಕೊಳ್ಳುವ ಹಾಗಿಲ್ಲ.

ಎರಡು ವರ್ಷದ ತರಬೇತಿ ಮುಗಿದು ಕೊನೆಗೂ ಕೆಲಸಕ್ಕೆ ಸೇರಿದೆ. ನಗರ ಸಾರಿಗೆ ಕಚೇರಿಯ ಮೂರನೇ ಮಹಡಿ, ವೇಳಾಪಟ್ಟಿ ವಿಭಾಗ. ನನಗೊಂದು ಮೇಜು, ಒಂದು ಕಾಲು ಮೋಟಾದ ಕುರ್ಚಿ, ಗೋಡೆ ತುಂಬ ರಸ್ತೆಗಳ ನಕ್ಷೆ. ಕಿಟಕಿಯಿಂದ ಬಗ್ಗಿದರೆ ಡಿಪೋ ಕಾಣುತ್ತದೆ. ನಾನೂರು ಬಸ್ಸು ಮಾವ! ನಿಜವಾದವು, ಹೊಗೆ ಬಿಡುವವು! ಮೊದಲ ದಿನ ಎಣಿಸುತ್ತಾ ನಿಂತು ಹಾಜರಿ ಹಾಕುವುದನ್ನೇ ಮರೆತೆ.

ನಮ್ಮ ಮುಖ್ಯಸ್ಥರಿಗೆ ಬೆನ್ನ ಹಿಂದಿನ ಹೆಸರು ಗಡಿಯಾರ ಸಾಹೇಬರು. ಎರಡೂ ಕೈಗೆ ವಾಚು ಕಟ್ಟುತ್ತಾರೆ, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ. ನನಗೆ ಒಂಬತ್ತನೇ ನಂಬರ್ ಮಾರ್ಗ ವಹಿಸಿದ್ದಾರೆ, ಮಾರ್ಕೆಟ್‌ನಿಂದ ದೊಡ್ಡಾಸ್ಪತ್ರೆಗೆ. ಈಗ ಇಪ್ಪತ್ತು ನಿಮಿಷಕ್ಕೊಂದು ಬಸ್ಸು, ಜನರ ಕಾಟ ತಡೆಯಲಾಗುತ್ತಿಲ್ಲವಂತೆ. "ಇರೋದು ಆರೇ ಬಸ್ಸು. ಏಳನೇದು ಕೇಳ್ಬೇಡ. ಹದಿನೈದು ನಿಮಿಷಕ್ಕೊಂದು ಬರೋ ಹಾಗೆ ಮಾಡು. ಆರು ತಿಂಗಳಲ್ಲಿ ಇದು ಸರಿಯಾಗಿ ಓಡಿದ್ರೆ ನೀನು ಕಾಯಂ, ಇಲ್ಲಾಂದ್ರೆ ಮನೆಗೆ ಹೋಗಮ್ಮ" ಅಂದರು.

ಬೇರೆಯವರು ನಾಲ್ಕು ದಿನ ತಿಣುಕುವ ವೇಳಾಪಟ್ಟಿಯನ್ನು ನಾನು ಅರ್ಧ ದಿನದಲ್ಲಿ ಬರೆದು ಮೇಜಿನ ಮೇಲಿಟ್ಟೆ. ಸಾಹೇಬರು ಎರಡೂ ವಾಚು ನೋಡಿಕೊಂಡು, "ಇದನ್ನೆಲ್ಲಾ ಎಲ್ಲಿ ಕಲಿತೆ?" ಅಂದರು. ನಾನು ಸುಮ್ಮನೆ ನಕ್ಕೆ.

ಅತ್ತೆಯ ಮಂಡಿ ನೋವು ಹೇಗಿದೆ?

ನಿಮ್ಮ
ಕಂಡಕ್ಟರಮ್ಮ


ಜೂನ್ 14

ನಮ್ಮ ಕಂಡಕ್ಟರಮ್ಮನಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ಹೊಟ್ಟೆಗೆ ಹಾಲೆರೆದಂತಾಯಿತು. ಅಂಗಡಿಗೆ ಕನ್ನಡಕ ಮಾಡಿಸಲು ಬಂದವರಿಗೆಲ್ಲ ಪರೀಕ್ಷೆಯ ಅಕ್ಷರದ ಬೋರ್ಡಿನ ಬದಲು ಅದನ್ನೇ ಓದಲು ಕೊಟ್ಟೆ. ಮೂವರು ಸರಾಗವಾಗಿ ಓದಿದರು, ವ್ಯಾಪಾರ ಕೆಟ್ಟಿತು.

ನಿಮ್ಮ ಸಾಹೇಬರು ಎಲ್ಲಿ ಕಲಿತೆ ಎಂದು ಇನ್ನೊಮ್ಮೆ ಕೇಳಿದರೆ ನಗಬೇಡ, ಸರಿಯಾಗಿ ಹೇಳು. ಸಂಸ್ಥೆಯ ಹೆಸರು ಮಹಡಿ ಮೋಟಾರ್ ಸರ್ವಿಸ್. ಬಸ್ಸುಗಳು ಮೂವತ್ತೊಂದು, ಒಂದೊಂದೂ ಬೆರಳುದ್ದ. ಮೈ ಕನ್ನಡಕದ ಡಬ್ಬಿಯ ರಟ್ಟಿನದು, ಮುಂದಿನ ಗಾಜು ಲೆನ್ಸ್ ಕತ್ತರಿಸಿ ಉಳಿದ ಚೂರಿನದು. ಎರಡನೇ ನಂಬರ್ ಬಸ್ಸಿನ ಗಾಜಿಗೆ ಪವರ್ ಇರುವುದರಿಂದ ಅದರ ಡ್ರೈವರು ಮೂರು ಪಟ್ಟು ದಪ್ಪ ಕಾಣುತ್ತಾನೆ. ರಸ್ತೆ ಎಂದರೆ ಮಹಡಿ ಕೋಣೆಯ ನೆಲದ ಮೇಲೆ ನಾನು ಬಿಳಿ ಬಣ್ಣದಲ್ಲಿ ಎಳೆದ ಗೆರೆ. ಕಿಟಕಿ ನಿಲ್ದಾಣದಿಂದ ಹೊರಟು, ಕಪಾಟು, ಹೊಲಿಗೆ ಮೆಷಿನ್ ಮಾರ್ಗವಾಗಿ ಮಂಚದಡಿಗೆ. ವೇಗ ನಿಮಿಷಕ್ಕೆ ಒಂದು ಗೇಣು. ಗೋಡೆ ಗಡಿಯಾರ ನೋಡಿ ಕೈಯಲ್ಲೇ ತಳ್ಳಬೇಕು. ಇಷ್ಟನ್ನೂ ನೀನು ಹತ್ತು ವರ್ಷ ತುಂಬುವ ಮೊದಲೇ ಕಲಿತಿದ್ದೀಯ.

ಇಲ್ಲಿ ಎಲ್ಲವೂ ಎಂದಿನಂತೆ. ಮೂವತ್ತೊಂದೂ ದಿನಾ ಓಡುತ್ತಿವೆ. ನಿನ್ನೆ ಕಪಾಟಿನ ಸರ್ಕಲ್‌ನಲ್ಲಿ ಬೆಕ್ಕು ಮಲಗಿ ಮುಕ್ಕಾಲು ಗಂಟೆ ಸಂಚಾರ ಬಂದ್. ಅತ್ತೆಯ ಮಂಡಿ ಹಾಗೇ ಇದೆ, ಬಾಯಿ ಇನ್ನೂ ಚುರುಕಾಗಿದೆ.

ಮಾವ


ಜುಲೈ 22

ಮಾವ,

ತಡವಾಗಿ ಬರೆಯುತ್ತಿದ್ದೇನೆ, ಬೇಜಾರು ಬೇಡ. ನಾನು ಚೆನ್ನಾಗಿದ್ದೇನೆ. ಕೆಲಸವೂ ಚೆನ್ನಾಗಿದೆ. ಕುರ್ಚಿಗೆ ಮಾತ್ರ ಇನ್ನೂ ಕಾಲು ಬಂದಿಲ್ಲ.

ಸುಮ್ಮನೆ ಒಂದು ಪ್ರಶ್ನೆ. ನಮ್ಮ ಕಂಪನಿಯಲ್ಲಿ ಬಸ್ಸುಗಳು ಒಂದರ ಬಾಲಕ್ಕೆ ಒಂದು ಅಂಟಿಕೊಂಡು ಬಂದಾಗ ನಾವು ಏನು ಮಾಡುತ್ತಿದ್ದೆವು? ನೆನಪಾಗುತ್ತಿಲ್ಲ. ಬೇಗ ಬರೆಯಿರಿ.

ಕಂಡಕ್ಟರಮ್ಮ


ಜುಲೈ 30

ಕಂಡಕ್ಟರಮ್ಮನಿಗೆ,

ಅಷ್ಟು ದೊಡ್ಡ ಕಚೇರಿಯಲ್ಲಿ ಕೂತು ನಮ್ಮ ಕಂಪನಿಯನ್ನು ನೆನೆಯುತ್ತೀಯಲ್ಲ, ಓದಿ ಕಣ್ಣು ಮಂಜಾಯಿತು. ನನ್ನ ಕನ್ನಡಕ ನಾನೇ ಒರೆಸಿಕೊಂಡೆ.

ಏನು ಮಾಡುತ್ತಿದ್ದೆವಾ? ಬಲು ಸುಲಭ. ನೀನು ಬಗ್ಗಿ ಹಿಂದಿನ ಬಸ್ಸನ್ನು ಎರಡು ಬೆರಳಲ್ಲಿ ಎತ್ತಿ ನಾಲ್ಕು ಗೇಣು ಹಿಂದಕ್ಕೆ ಇಡುತ್ತಿದ್ದೆ. "ಪ್ರಯಾಣಿಕರ ಗಮನಕ್ಕೆ, ದೇವರೇ ಎತ್ತಿದ" ಎಂದು ಕೂಗುತ್ತಿದ್ದೆ. ಅತ್ತೆ ಕೆಳಗಿನಿಂದ "ಅದೇನು ಕೂಗಾಟನೋ!" ಅನ್ನುತ್ತಿದ್ದಳು.

ಇದರ ಜೊತೆ ಏಳನೇ ನಂಬರ್ ಬಸ್ಸು ಕಳಿಸಿದ್ದೇನೆ, ಮೇಜಿನ ಮೇಲೆ ಇಟ್ಟುಕೋ. ಎಲ್ಲರೂ ನೋಡಲಿ.

ಮಾವ


ಆಗಸ್ಟ್ 9

ಮಾವ,

ನಿಜವಾದ ಬಸ್ಸನ್ನು ಎರಡು ಬೆರಳಲ್ಲಿ ಎತ್ತಲು ಬರುವುದಿಲ್ಲ!

ಸಿಟ್ಟು ನಿಮ್ಮ ಮೇಲಲ್ಲ. ನಾನು ಸುಳ್ಳು ಹೇಳಿದೆ. ಏನೂ ಚೆನ್ನಾಗಿಲ್ಲ. ನನ್ನ ವೇಳಾಪಟ್ಟಿ ಕಾಗದದ ಮೇಲೆ ಮುತ್ತಿನ ಹಾರದಂತಿದೆ, ರಸ್ತೆಗಿಳಿದರೆ ಹಾರ ಹರಿದ ಹಾಗೆ. ನಲವತ್ತು ನಿಮಿಷ ಒಂದೂ ಬಸ್ಸಿಲ್ಲ, ಆಮೇಲೆ ಮೂರು ಒಟ್ಟಿಗೆ ಬಂದು ನಿಲ್ಲುತ್ತವೆ. ಮೊದಲನೆಯದರಲ್ಲಿ ಜನ ಬಾಗಿಲಿಗೆ ಜೋತುಬಿದ್ದಿರುತ್ತಾರೆ, ಮೂರನೆಯದರಲ್ಲಿ ಕಂಡಕ್ಟರು ಒಬ್ಬನೇ ಕೂತಿರುತ್ತಾನೆ. ಪತ್ರಿಕೆಯಲ್ಲಿ ಫೋಟೋ ಬಂತು. ಆಸ್ಪತ್ರೆಯ ನರ್ಸುಗಳು ಕಚೇರಿಗೇ ಬಂದು ಬಾಯಿಗೆ ಬಂದಂತೆ ಬೈದರು. ಡ್ರೈವರುಗಳು ನನ್ನನ್ನು "ಕಾಗದದ ಮೇಡಂ" ಅನ್ನುತ್ತಾರೆ, ಅದೂ ನನಗೆ ಕೇಳಿಸುವಷ್ಟು ಜೋರಾಗಿ.

ಸಾಹೇಬರು ಸೆಪ್ಟೆಂಬರ್ ಕೊನೆಯವರೆಗೆ ಗಡುವು ಕೊಟ್ಟಿದ್ದಾರೆ. ಅಷ್ಟರಲ್ಲಿ ಸರಿಯಾಗದಿದ್ದರೆ ನನ್ನನ್ನು ಕಾಯಂ ಮಾಡುವುದಿಲ್ಲ. ಲೆಕ್ಕ ನೂರು ಸಲ ಮಾಡಿದೆ. ಹೋಗಲು ನಲವತ್ಮೂರು ನಿಮಿಷ, ಬರಲು ನಲವತ್ಮೂರು, ಎರಡು ತುದಿಯಲ್ಲಿ ಎರಡೆರಡು ನಿಮಿಷ ನಿಲುಗಡೆ. ಒಟ್ಟು ತೊಂಬತ್ತು. ಆರು ಬಸ್ಸು, ಹದಿನೈದು ನಿಮಿಷಕ್ಕೊಂದು. ಎಲ್ಲಿ ತಪ್ಪಿದೆ ಹೇಳಿ! ವೇಳಾಪಟ್ಟಿಯ ಪ್ರತಿ ಕಳಿಸುತ್ತಿದ್ದೇನೆ. ನಿಮ್ಮ ನೆಲದ ಮೇಲೆ ಒಮ್ಮೆ ಓಡಿಸಿ ನೋಡುತ್ತೀರಾ? ನನಗೆ ಬೇರೆ ಯಾರೂ ತೋಚುತ್ತಿಲ್ಲ ಮಾವ.

ಏಳನೇ ನಂಬರ್ ಬಸ್ಸು ಡ್ರಾಯರಿನಲ್ಲಿದೆ.


ಆಗಸ್ಟ್ 24

ಮಗಳೇ,

ಎರಡು ತಿಂಗಳು ಒಬ್ಬಳೇ ಒದ್ದಾಡಿದೆಯಲ್ಲ! ನಿನ್ನ ಪ್ರಶ್ನೆಗೆ ನಾನು ಹಾಸ್ಯ ಬರೆದು ಕಳಿಸಿದೆನಲ್ಲ! ನನ್ನ ತಲೆಗೆ ಯಾವ ನಂಬರಿನ ಕನ್ನಡಕ ಹಾಕಬೇಕೋ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನಿನ್ನ ಒಂಬತ್ತನೇ ನಂಬರ್ ಮಾರ್ಗ ನಮ್ಮ ಮಹಡಿಯಲ್ಲಿ ಶುರುವಾಯಿತು. ಗೆರೆಯನ್ನು ನಲವತ್ಮೂರು ಗೇಣಿಗೆ ಎಳೆದೆ. ಕಿಟಕಿಯೇ ನಿಮ್ಮ ಮಾರ್ಕೆಟ್, ಮಂಚದಡಿ ಆಸ್ಪತ್ರೆ. ಬಸ್ಸಿಗೊಬ್ಬರಂತೆ ಆರು ಜನ: ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಮತ್ತು ಅವನ ಮನೆಯ ಮೂವರು, ನನ್ನ ಅಂಗಡಿಯಲ್ಲಿ ಗಾಜು ಉಜ್ಜುವವನು, ನಿನ್ನ ಅತ್ತೆ. ಪ್ರಯಾಣಿಕರು ಅತ್ತೆಯ ಹೊಲಿಗೆ ಡಬ್ಬಿಯ ಗುಂಡಿಗಳು. ನಿಮಿಷಕ್ಕೊಂದರಂತೆ ಪ್ರತಿ ಸ್ಟಾಪಿನಲ್ಲೂ ಗುಂಡಿ ಇಡುವುದು ನನ್ನ ಕೆಲಸ. ಬಸ್ಸು ಬಂದಾಗ ಡ್ರೈವರು ಅವನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕಿ ಮುಂದೆ ಹೋಗಬೇಕು.

ಎರಡು ಸುತ್ತು, ಅಂದರೆ ಮೂರು ಗಂಟೆ, ಎಳ್ಳಷ್ಟೂ ತಪ್ಪಿಲ್ಲ. ನನಗೆ ಹೆಮ್ಮೆಯೋ ಹೆಮ್ಮೆ. ಮೂರನೇ ಸುತ್ತಿಗೆ ನಾಲ್ಕನೇ ಬಸ್ಸಿನ ಡ್ರೈವರು, ಅಂದರೆ ನಿನ್ನ ಅತ್ತೆ, ಕಿಟಕಿ ತಲುಪಿ ಎದ್ದು ನಿಂತಳು.

"ಎಲ್ಲಿಗೆ?" ಅಂದೆ.

"ಬಾತ್‌ರೂಮಿಗೆ."

"ನಿನಗಿರೋದು ಎರಡೇ ನಿಮಿಷ. ಬಾತ್‌ರೂಮು ಕೆಳಗಿದೆ."

"ಕೆಳಗಿದ್ರೆ ಕೆಳಗೆ ಹೋಗ್ತೀನಿ" ಅಂದು ಮೆಟ್ಟಿಲಿಳಿದೇ ಬಿಟ್ಟಳು. ಆ ಮಂಡಿ ಇಟ್ಟುಕೊಂಡು ಇಳಿದು ಹತ್ತಿ ಬರಲು ಏಳು ನಿಮಿಷ. ಅವಳ ಧೈರ್ಯ ನೋಡಿ ಎಲೆಕ್ಟ್ರಿಷಿಯನ್ನೂ ಎದ್ದ. ಗಾಜು ಉಜ್ಜುವವನು ನಾಚಿಕೆಯಿಂದ ಬಿಗಿಹಿಡಿದು ಕೂತ. ತಡವಾದ ಬಸ್ಸಿಗೆ ಸ್ಟಾಪಿನಲ್ಲಿ ಗುಂಡಿ ಹೆಚ್ಚು, ಹೆಕ್ಕಲು ಹೊತ್ತು ಹೆಚ್ಚು, ಅದರಿಂದ ಇನ್ನೂ ತಡ. ಹಿಂದಿನದಕ್ಕೆ ಗುಂಡಿಯೇ ಇಲ್ಲ, ಓಡೋಡಿ ಬಂದು ಮುಂದಿನದಕ್ಕೆ ಮುಟ್ಟಿತು. ನಾಲ್ಕನೇ ಸುತ್ತಿನ ಹೊತ್ತಿಗೆ ಹೊಲಿಗೆ ಮೆಷಿನ್ ಹತ್ತಿರ ಮೂರು ಬಸ್ಸು ಸಾಲಾಗಿ ನಿಂತವು. ನಿನ್ನ ಪತ್ರಿಕೆಯ ಫೋಟೋನೇ!

ನಾನು ಸಿಟ್ಟಿನಿಂದ "ನೀನು ಎದ್ದು ಹೋಗಿದ್ದಕ್ಕೇ ಎಲ್ಲಾ ಹಾಳಾಯ್ತು" ಎಂದು ಕೂಗಾಡಿದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಏನಂದಳು ಗೊತ್ತಾ? "ರೀ, ನಿಮ್ಮ ಕಂಪನಿ ಡ್ರೈವರು ರಟ್ಟಿನವರು. ಅವಳ ಕಂಪನಿಯವರೂ ರಟ್ಟಿನವರಾ?"

ನಾನು ನೆಲದ ಮೇಲೆ ಹಾಗೇ ಕೂತುಬಿಟ್ಟೆ.

ಮಾವ

ಪುಟ್ಟೀ, ಅತ್ತೆ ಬರೆಯುತ್ತಿದ್ದೇನೆ. ಬಸ್ಸು ಓಡಿಸುವ ಮುಂಚೆ ಎರಡು ದಿನ ಇವರು ಡಬ್ಬಗಳಿಂದ ಅವನ್ನೆಲ್ಲ ತೆಗೆದು ಧೂಳು ಒರೆಸಿದರು, ಸೀನಿ ಸೀನಿ ಸಾಕಾಯಿತು. ಎರಡು ವರ್ಷದ ಧೂಳು ನೋಡು. ಹೊಟ್ಟೆ ತುಂಬ ಊಟ ಮಾಡು.


ಸೆಪ್ಟೆಂಬರ್ 2

ಮಾವ, ಅತ್ತೆ,

ಕಚೇರಿಯಲ್ಲಿ ನಿಮ್ಮ ಕಾಗದ ಓದಿ ಎಷ್ಟು ನಕ್ಕೆನೆಂದರೆ ಪಕ್ಕದ ಮೇಜಿನವರು ನೀರು ತಂದುಕೊಟ್ಟರು. ಆಮೇಲೆ ನಗು ನಿಂತಿತು. ಕೊಡೆ ಹಿಡಿದು ನೇರ ಮಾರ್ಕೆಟ್ ನಿಲ್ದಾಣಕ್ಕೆ ಹೋದೆ. ಮೂರು ತಿಂಗಳಲ್ಲಿ ನಾನು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು, ಹೇಳಲೂ ನಾಚಿಕೆ.

ಅಲ್ಲೊಬ್ಬ ಹಿರಿಯ ಡ್ರೈವರು, ಮೀಸೆಯಣ್ಣ ಅನ್ನುತ್ತಾರೆ. ಹೋಗಿ ಕೇಳಿದೆ. "ಎರಡು ನಿಮಿಷದಲ್ಲಿ ನಾನು ಸೀಟಿಂದ ಇಳಿಯೋದೇ ಆಗುತ್ತೆ ಮೇಡಂ. ಶೌಚಾಲಯ ರಸ್ತೆ ಆಚೆ. ಕೆಲವರು ಹೋಗಿ ಬರ್ತೀವಿ, ಬಸ್ಸು ಲೇಟಾಗುತ್ತೆ. ಕೆಲವರು ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ" ಅಂದರು.

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಕೇಳಿದ್ಯಾರು?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಎರಡು ನಿಮಿಷವನ್ನು ನನಗೆ ಯಾರೂ ಹೇಳಿರಲಿಲ್ಲ ಮಾವ. ಆ ಕಾಲಂ ಖಾಲಿ ಇತ್ತು. ನಾನು ಯೋಚಿಸದೆ ಬರೆದೆ. ನಮ್ಮ ಕಿಟಕಿ ನಿಲ್ದಾಣದಲ್ಲಿ ನೀವು ಅಂಟಿಸಿದ ಚೀಟಿ ನೆನಪಿದೆಯಾ? "ತಲುಪಿದ ಬಸ್ಸು ಎರಡು ನಿಮಿಷದಲ್ಲಿ ಹೊರಡತಕ್ಕದ್ದು." ಹನ್ನೊಂದು ವರ್ಷ ಅದನ್ನೇ ಪಾಲಿಸಿದ ಕೈ, ಇಲ್ಲಿಯೂ ಅದನ್ನೇ ಬರೆಯಿತು. ಇಡೀ ಕಚೇರಿಯಲ್ಲಿ ಬೇರೆ ಯಾರಿಗೂ ಈ ತಪ್ಪು ಮಾಡಲು ಬರುತ್ತಿರಲಿಲ್ಲ.

ಅತ್ತೆ ಬರೆದ ಆ ಡಬ್ಬಗಳ ವಿಷಯ ಏನು? ಬಸ್ಸು ದಿನಾ ಓಡುತ್ತಿವೆ ಅಂದಿರಲ್ಲ?

ಕಂಡಕ್ಟರಮ್ಮ


ಸೆಪ್ಟೆಂಬರ್ 10

ಕಂಡಕ್ಟರಮ್ಮನಿಗೆ,

ಹಾಗಾದರೆ ತಪ್ಪು ನನ್ನದು. ರಟ್ಟಿನವರ ಜೊತೆ ಬಾಳಿ ಬಾಳಿ ನನಗೆ ಮನುಷ್ಯರ ಲೆಕ್ಕ ಮರೆತಿತ್ತು. ಬೇಕಾದರೆ ನಿಮ್ಮ ಸಾಹೇಬರಿಗೆ ನನ್ನ ವಿಳಾಸ ಕೊಡು, ಬೈಯಲಿ.

ಈ ಭಾನುವಾರ ಮತ್ತೆ ಓಡಿಸಿದೆವು. ಕಿಟಕಿಯಲ್ಲಿ ಏಳು ನಿಮಿಷ, ಮಂಚದಡಿಯಲ್ಲಿ ಮೂರು. ಒಟ್ಟು ತೊಂಬತ್ತಾರು. ಆರು ಬಸ್ಸಿಗೆ ಭಾಗಿಸಿದರೆ ಹದಿನಾರು. ಹದಿನೈದರ ಬದಲು ಹದಿನಾರು, ಒಂದೇ ನಿಮಿಷ ಹೆಚ್ಚು! ನಾಲ್ಕು ಸುತ್ತಿನಲ್ಲೂ ಎಲ್ಲರೂ ಕೆಳಗೆ ಹೋಗಿ ಬಂದರು, ಅತ್ತೆ ಎರಡು ಸಲ ಚಹಾ ಕುಡಿದಳು, ಒಂದು ಬಸ್ಸೂ ಇನ್ನೊಂದಕ್ಕೆ ಮುಟ್ಟಲಿಲ್ಲ. ಎಲೆಕ್ಟ್ರಿಷಿಯನ್‌ನ ತಾಯಿ ಎರಡು ಗುಂಡಿ ಸ್ಟಾಪಿನಲ್ಲೇ ಬಿಟ್ಟು ಹೋದರು, "ಅವರು ಮಾತಾಡ್ತಾ ನಿಂತಿದ್ರು, ಹತ್ತಲಿಲ್ಲ" ಅಂದರು.

ಡಬ್ಬದ ವಿಷಯ ನಿನ್ನ ಅತ್ತೆಗೆ ಏನೋ ಭ್ರಮೆ. ಧೂಳು ಬೀದಿಯದು.

ಮಾವ


ಸೆಪ್ಟೆಂಬರ್ 29

ಮಾವ,

ಇವತ್ತು ಸಭೆ ನಡೆಯಿತು. ಉದ್ದ ಮೇಜು, ಒಂಬತ್ತು ಜನ ಅಧಿಕಾರಿಗಳು, ಕೊನೆಯಲ್ಲಿ ಡ್ರೈವರುಗಳ ಪರವಾಗಿ ಮೀಸೆಯಣ್ಣ. ನಾನು ಎದ್ದು ಹದಿನಾರು ನಿಮಿಷ, ಓಡಿಸಿ ನೋಡಿದ್ದೇನೆ ಅಂದೆ. "ಹದಿನಾರು ಯಾರಿಗಮ್ಮ ನೆನಪಿರುತ್ತೆ?" ಅಂದರು ಸಾಹೇಬರು. "ಸಾರ್, ಈಗ ಹದಿನೈದು ಅಂತ ನೆನಪಿಟ್ಕೊಂಡು ನಲವತ್ತು ನಿಮಿಷ ಕಾಯ್ತಿದ್ದಾರೆ" ಅಂದೆ.

ಆಮೇಲೆ ಅವರು ಕೇಳಿದರು: "ಓಡಿಸಿ ನೋಡಿದೀನಿ ಅಂತೀಯಲ್ಲ, ಎಲ್ಲಿ ಓಡಿಸಿದೆ? ನಾನು ಯಾವ ಬಸ್ಸೂ ಕೊಟ್ಟಿಲ್ಲ."

ಬೇಕಿದ್ದರೆ ಲೆಕ್ಕದಲ್ಲೇ ನೋಡಿದೆ ಅನ್ನಬಹುದಿತ್ತು. ಆದರೆ ಚೀಲದಿಂದ ಏಳನೇ ನಂಬರ್ ಬಸ್ಸು ತೆಗೆದು ಮೇಜಿನ ನಡುವೆ ಇಟ್ಟೆ. "ನಮ್ಮ ಮಾವನ ಕಂಪನಿಯಲ್ಲಿ, ಸಾರ್. ಕನ್ನಡಕದ ಅಂಗಡಿ ಅವರದು. ಮಹಡಿ ಮೇಲೆ ಮೂವತ್ತೊಂದು ಬಸ್ಸಿವೆ. ನಾನು ಕಲಿತದ್ದೂ ಅಲ್ಲೇ" ಅಂದೆ. ಗುಂಡಿಗಳನ್ನೂ ಹೇಳಿದೆ, ಅತ್ತೆಯ ಮಂಡಿಯನ್ನೂ ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೀಸೆಯಣ್ಣ ಒಬ್ಬರೇ ನಗಲಿಲ್ಲ.

"ನಿಮ್ಮ ಅತ್ತೆ ಹೋಗಿ ಬರೋಕೆ ಎಷ್ಟು ನಿಮಿಷ ತಗೊಂಡ್ರು ಮೇಡಂ?"

"ಏಳು."

"ನನಗೂ ಅಷ್ಟೇ ಆಗುತ್ತೆ" ಅಂದು, ಸಾಹೇಬರ ಕಡೆ ತಿರುಗಿ, "ಲೆಕ್ಕ ಸರಿಯಾಗಿದೆ ಸಾರ್" ಅಂದರು.

ನಗು ನಿಂತುಹೋಯಿತು. ಅಕ್ಟೋಬರ್ ಒಂದರಿಂದ ಹದಿನಾರು ನಿಮಿಷ. ನವೆಂಬರ್‌ನಲ್ಲಿ ಫಲಿತಾಂಶ ನೋಡಿ ನನ್ನ ತೀರ್ಮಾನ.

ಮಾವ, ಇನ್ನೊಂದು ಮಾತಿದೆ. ಎರಡು ವರ್ಷದ ಹಿಂದೆ, ತರಬೇತಿಗೆ ಹೊರಡುವ ವಾರ, ನನ್ನ ಗೆಳತಿಯರು ಮನೆಗೆ ಬಂದಿದ್ದರು. ಮಹಡಿಯಲ್ಲಿ ಏನಿದೆ ಅಂದರು. ನಾನು ಆ ಕೋಣೆಯ ಬಾಗಿಲು ಎಳೆದುಕೊಂಡು "ಏನಿಲ್ಲ, ಹಳೇ ಸಾಮಾನು" ಅಂದೆ. ಒಳಗೆ ನೀವು ಇದ್ದಿರಿ. ನಿಮ್ಮ ಚಪ್ಪಲಿ ಹೊರಗಿತ್ತು, ನಾನು ನೋಡಿದ್ದೆ. ಡಬ್ಬಗಳು ಯಾಕೆ ಮುಚ್ಚಿದವು ಅಂತ ನನಗೆ ಈಗ ಗೊತ್ತು. ನನ್ನನ್ನು ಕ್ಷಮಿಸಿ ಮಾವ. ಇವತ್ತು ಒಂಬತ್ತು ಜನರ ಮುಂದೆ ಬಾಗಿಲು ತೆಗೆದೆ, ಆದರೆ ತಡವಾಯಿತು.


ನವೆಂಬರ್ 20

ಮಾವ,

ನನ್ನ ಹಿಂದಿನ ಕಾಗದಕ್ಕೆ ಉತ್ತರ ಬರಲಿಲ್ಲ. ಫೋನು ಮಾಡಿದರೆ "ಊಟ ಆಯ್ತಾ, ಅತ್ತೆಗೆ ಕೊಡ್ತೀನಿ". ಆ ಕಾಗದವನ್ನು ನೀವು ದಿನಾ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಅಂಗಡಿಗೆ ಹೋಗುತ್ತೀರಿ, ಒಗೆಯಲು ಅಂಗಿ ಕೊಡುವುದಿಲ್ಲ ಅಂತ ಅತ್ತೆ ದೂರು ಹೇಳಿದರು. ಕೋಪವೋ ಏನೋ ನನಗೆ ತಿಳಿಯುತ್ತಿಲ್ಲ. ಆದರೂ ಬರೆಯುತ್ತೇನೆ, ಇದನ್ನು ನಿಮಗಲ್ಲದೆ ಯಾರಿಗೆ ಬರೆಯಲಿ?

ನಾನು ಕಾಯಂ ಆದೆ!

ಐವತ್ತು ದಿನ ಒಂಬತ್ತನೇ ನಂಬರಿನಲ್ಲಿ ಎರಡು ಬಸ್ಸು ಒಂದಕ್ಕೊಂದು ಮುಟ್ಟಲಿಲ್ಲ. ಮೊನ್ನೆ ಮಾರ್ಕೆಟ್‌ನಲ್ಲಿ ನಿಂತು ನೋಡಿದೆ. ಮೀಸೆಯಣ್ಣ ಬಸ್ಸು ನಿಲ್ಲಿಸಿ, ಇಳಿದು, ರಸ್ತೆ ದಾಟಿ ಹೋಗಿ ಬಂದು, ಚಹಾ ಕುಡಿದು, ಬಾಯಿ ಒರೆಸಿಕೊಂಡು, ಸರಿಯಾದ ಹೊತ್ತಿಗೆ ಹೊರಟರು. ನಾನು ಮೂರ್ಖಳ ಹಾಗೆ ಫುಟ್‌ಪಾತಿನ ಮೇಲೆ ನಿಂತು ಅತ್ತುಬಿಟ್ಟೆ. ನರ್ಸೊಬ್ಬರು "ಏನಾಯ್ತಮ್ಮ?" ಅಂದರು. "ಬಸ್ಸು ಬಂತು" ಅಂದೆ.

ಕಾಯಂ ಆದವರು ಒಂದು ನಮೂನೆ ತುಂಬಬೇಕು. ಅದರಲ್ಲಿ "ಹಿಂದಿನ ಅನುಭವ" ಅನ್ನುವ ಜಾಗವಿದೆ. ಗುಮಾಸ್ತರು "ಖಾಲಿ ಬಿಡಿ, ಎಲ್ಲರೂ ಬಿಡ್ತಾರೆ" ಅಂದರು. ನಾನು ಬಿಡಲಿಲ್ಲ. "ಮಹಡಿ ಮೋಟಾರ್ ಸರ್ವಿಸ್, ಕಂಡಕ್ಟರ್, ಹನ್ನೊಂದು ವರ್ಷ" ಎಂದು ಬರೆದೆ. ಈಗ ಅವರು ಸಂಸ್ಥೆಯಿಂದ ಪ್ರಮಾಣಪತ್ರ ತನ್ನಿ ಅನ್ನುತ್ತಿದ್ದಾರೆ. ಮೊಹರು ಇರಬೇಕಂತೆ. ಕೊಡುತ್ತೀರಾ ಮಾವ?

ನಿಮ್ಮ ಕಂಡಕ್ಟರಮ್ಮ


ನವೆಂಬರ್ 28

ಮಹಡಿ ಮೋಟಾರ್ ಸರ್ವಿಸ್
(ಕನ್ನಡಕದ ಅಂಗಡಿಯ ಮಾಲೀಕರ ಮನೆ, ಮೇಲಿನ ಕೋಣೆ)

ಅನುಭವ ಪ್ರಮಾಣಪತ್ರ

ಈ ಮೂಲಕ ದೃಢೀಕರಿಸುವುದೇನೆಂದರೆ, ನನ್ನ ಅಕ್ಕನ ಮಗಳು ಒಂಬತ್ತನೇ ವಯಸ್ಸಿನಿಂದ ಇಪ್ಪತ್ತನೇ ವಯಸ್ಸಿನವರೆಗೆ ಈ ಸಂಸ್ಥೆಯಲ್ಲಿ ಮೊದಲು ಕಂಡಕ್ಟರ್ ಆಗಿ, ನಂತರ ವೇಳಾಪಟ್ಟಿಯ ಮುಖ್ಯಸ್ಥೆಯಾಗಿ ಹನ್ನೊಂದು ವರ್ಷ ಸೇವೆ ಸಲ್ಲಿಸಿರುತ್ತಾರೆ.

ಕೆಲಸ: ಅತ್ಯುತ್ತಮ. ಚಿಲ್ಲರೆ ಕೊಡದ ಗುಂಡಿಗಳ ಜೊತೆ ಜಗಳ ಆಡುತ್ತಿದ್ದುದನ್ನು ಬಿಟ್ಟರೆ ದೂರುಗಳಿಲ್ಲ. ಸಂಸ್ಥೆಯ ಒಂದು ತಪ್ಪು ನಿಯಮವನ್ನು ತಪ್ಪದೆ ಪಾಲಿಸಿದ್ದು ಇವರ ತಪ್ಪಲ್ಲ.

ಇವರು ಹೊರಟ ಮೇಲೆ ಸಂಸ್ಥೆಯ ಬಸ್ಸುಗಳು ಎರಡು ವರ್ಷ ಓಡಿರುವುದಿಲ್ಲ. ದಿನಾ ಓಡುತ್ತಿವೆ ಎಂದು ಮಾಲೀಕರು ಬರೆದದ್ದು ಸುಳ್ಳು. ಕಂಡಕ್ಟರ್ ಇಲ್ಲದೆ ಬಸ್ಸು ಬಿಡಲು ಅವರಿಗೆ ಮನಸ್ಸಾಗಲಿಲ್ಲ, ಅಷ್ಟೇ. ಆಗಸ್ಟ್ ತಿಂಗಳಿನಿಂದ ಪ್ರತಿ ಭಾನುವಾರ ಆರು ಜನ ಸಿಬ್ಬಂದಿಯೊಂದಿಗೆ ಸಂಚಾರ ಪುನಃ ಆರಂಭವಾಗಿದ್ದು, ಎಲೆಕ್ಟ್ರಿಷಿಯನ್‌ನ ತಾಯಿ ಈಗ ಬಡ್ತಿ ಕೇಳುತ್ತಿದ್ದಾರೆ.

ಸಂಸ್ಥೆಯಲ್ಲಿ ಮೊಹರು ಇಲ್ಲದ ಕಾರಣ ಅಂಗಡಿಯ ಮೊಹರು ಹಾಕಲಾಗಿದೆ. ಪ್ರಮಾಣಪತ್ರ ತಡವಾದದ್ದು ಏಕೆಂದರೆ ಬರೆಯಲು ಕೂತಾಗಲೆಲ್ಲ ಮಾಲೀಕರ ಕನ್ನಡಕ ಒದ್ದೆಯಾಗುತ್ತಿತ್ತು.

ನಡತೆ: ಉತ್ತಮ. ಎರಡು ವರ್ಷದ ಹಿಂದೆ ಬಾಗಿಲಿನ ಹೊರಗೆ ಏನೋ ಹೇಳಿದೆ ಎಂದು ಇವರು ತಾವಾಗಿ ಬರೆದುಕೊಂಡಿದ್ದಾರೆ. ಒಳಗಿದ್ದ ಮಾಲೀಕರಿಗೆ ಆ ದಿನ ಏನೂ ಕೇಳಿಸಿರುವುದಿಲ್ಲ.

ಮಾವ
ಮಾಲೀಕರು